ಸಡಕಿನ ಫಲಕವೂ ಸಾರಥಿಯ ಸಿಟ್ಟೂ

ಮನುಷ್ಯನು ಮನೆಯಲ್ಲಿ ಒಂದು ಬಗೆಯಾಗಿಯೂ ಹಾದಿಯಲ್ಲಿ ಇನ್ನೊಂದು ಬಗೆಯಾಗಿಯೂ ನಡೆದುಕೊಳ್ಳುವದನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಗೆ ಬಂದ ಅತಿಥಿಗೆ ನೀರು ಕೊಟ್ಟು, ಚಹ ಕುಡಿಸಿ, ಬಾಗಿಲವರೆಗೆ ಬಂದು ಬೀಳ್ಕೊಡುವ ಸದ್ಗೃಹಸ್ಥರೇ ಮೋಟಾರಿನ ಸ್ಟೇರಿಂಗ ಹಿಡಿದ ಕೂಡಲೆ ಮಗ್ಗುಲಿನವನಿಗೆ ಗೇಣು ಹಾದಿ ಬಿಡಲು ಒಪ್ಪುವದಿಲ್ಲ. ಸಡಕಿನ ಬದಿಗೆ ನಿಂತ ಫಲಕವನ್ನು ಕಂಡರೆ ಅವರಿಗೆ ಸಿಟ್ಟು. ಹಿಂದಿನಿಂದ ಹಾರ್ನು ಬಾರಿಸುವವನನ್ನು ಕಂಡರೆ ಇನ್ನೂ ಹೆಚ್ಚಿನ ಸಿಟ್ಟು. ಈ ಸಿಟ್ಟಿನಲ್ಲಿ ನ್ಯಾಯವಾದುದೆಷ್ಟು, ಅನ್ಯಾಯವಾದುದೆಷ್ಟು? ಫಲಕಗಳನ್ನು ಏಕೆ ನಿಲ್ಲಿಸುತ್ತಾರೆ? ವೇಗಕ್ಕೆ ಮಿತಿಯನ್ನು ಯಾರು, ಯಾವ ಆಧಾರದ ಮೇಲೆ ಗೊತ್ತುಪಡಿಸುತ್ತಾರೆ? ಈ ವಿಷಯವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ತಿಳಿಸಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ. ವಿದ್ಯಾರ್ಥಿಗಳು ಇಂದಿನ ಪಾದಚಾರಿಗಳು, ನಾಳಿನ ಸಾರಥಿಗಳು. ಪಾಲಕರಾದರೋ, ಅವರ ಬೆನ್ನ ಹಿಂದೆ ಕುಳಿತ ಮಗುವು ಅವರ ಕೈಯನ್ನೂ ಬಾಯಿಯನ್ನೂ ಸದಾ ಗಮನಿಸುತ್ತಿರುತ್ತದೆ ಎಂಬದನ್ನು ಮರೆಯುವಂತಿಲ್ಲ.

ಸೇತುವೆಯ ಶಿರೋಳಿ

ಕೊಲ್ಲಾಪುರದಿಂದ ಪುಣೆಯ ಕಡೆಗೆ ಹೊರಟವರಿಗೆ ಪಂಚಗಂಗಾ ನದಿಯ ಸೇತುವೆಯನ್ನು ದಾಟಿದೊಡನೆ ಸಿಗುವ ಊರು ಶಿರೋಳಿ. ಮರಾಠಿಯಲ್ಲಿ ಇದನ್ನು ‘ಪುಲಾಚಿ ಶಿರೋಲಿ’ ಎನ್ನುತ್ತಾರೆ; ಎಂದರೆ ಸೇತುವೆಯ ಶಿರೋಳಿ. ಸೇತುವೆಯಿಂದಲೇ ಹೆಸರು ಪಡೆದ ಊರಿಗೆ ಹಾದಿಯ ಸುಖದುಃಖಗಳು ತಪ್ಪಿದ್ದಲ್ಲ. ಮುಂಬಯಿ, ಪುಣೆಗಳಿಂದ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋಗುವ ಹೆದ್ದಾರಿಯು ಇದರ ಮಗ್ಗುಲಲ್ಲಿಯೇ ಹಾದಿದೆ. ಮೊದಲು 4ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಳ್ಳುತ್ತಿದ್ದ ಈ ಹಾದಿಗೆ ಈಗ 48 ಎಂಬ ಅಂಕೆ ಬಂದಿದೆ. ಇಲ್ಲಿಯ ಸಾಂಗಲಿ ಫಾಟಾದಲ್ಲಿ ಇನ್ನೊಂದು ದೊಡ್ಡ ಹಾದಿಯು ಕವಲೊಡೆದು ಹಾತಕಣಂಗಲೆ, ಜಯಸಿಂಗಪುರ, ಸಾಂಗಲಿಗಳ ಕಡೆಗೆ ತಿರುಗುತ್ತದೆ. ಇಚಲಕರಂಜಿಯ ಮಗ್ಗದವರು ಬಟ್ಟೆ ಹೇರಿಕೊಂಡು ಬರುವದು ಈ ಕವಲಿನಿಂದ. ಗಡಹಿಂಗ್ಲಜದ ಕಡೆಯ ನಮ್ಮ ಜನರು ಸಂಕೇಶ್ವರ, ನಿಪ್ಪಾಣಿ, ಕಾಗಲಗಳನ್ನು ದಾಟಿ ಬರುವದು ಆ ಹೆದ್ದಾರಿಯಿಂದ.

ಹೀಗಾಗಿ ಶಿರೋಳಿಯ ಹತ್ತಿರ ಒಂದು ಗಳಿಗೆ ನಿಂತು ನೋಡಿದರೆ ಲೋಕವೆಲ್ಲ ಕಣ್ಣ ಮುಂದೆ ಹಾಯುತ್ತದೆ. ಉದ್ಯಮ ವಸಾಹತುವಿನ ಎರಕದ ಕಾರಖಾನೆಗಳಿಗೆ ಕಬ್ಬಿಣ ತರುವ ಟ್ರಕ್ಕುಗಳು, ಪಾಳಿ ಮುಗಿಸಿ ಮನೆಗೆ ಮರಳುವ ಕಾರ್ಮಿಕರ ಸೈಕಲ್ಲುಗಳು, ಸುಗ್ಗಿಯಲ್ಲಿ ಎರಡೆರಡು ಟ್ರೇಲರು ಕಬ್ಬು ಎಳೆಯುವ ಟ್ರ್ಯಾಕ್ಟರುಗಳು, ಎಸ್.ಟಿ. ಬಸ್ಸುಗಳು, ದೂರದೂರಿನ ಮೋಟಾರುಗಳು, ಮತ್ತು ಇವೆಲ್ಲವುಗಳ ನಡುವೆ ಬೆನ್ನಿಗೆ ಪಾಟೀಚೀಲ ಹಾಕಿಕೊಂಡು ಆಚೆಯ ದಡ ಸೇರಬೇಕಾದ ಶಾಲೆಯ ಮಕ್ಕಳು! ಒಂದರ ನಡಿಗೆ ಗಂಟೆಗೆ ನಾಲ್ಕು ಕಿಲೋಮೀಟರು. ಇನ್ನೊಂದರ ಓಟ ನೂರು. ‘ಸುವರ್ಣ ಚತುಷ್ಕೋನ’ ಯೋಜನೆಯಲ್ಲಿ ನಾಲ್ಕು ಸಾಲಿನದಾದ ಈ ಹಾದಿಯನ್ನು ಸಾತಾರೆಯಿಂದ ಕಾಗಲದವರೆಗೆ ಆರು ಸಾಲಿನದಾಗಿ ಅಗಲಿಸುವ ಕೆಲಸವನ್ನು ಇತ್ತೀಚಿನ ವರ್ಷಗಳಲ್ಲಿ ಕೈಕೊಳ್ಳಲಾಯಿತು. ಕೆಲಸವೆಂದ ಮೇಲೆ ಧೂಳು, ಬಳಸುದಾರಿ, ಸಾಲುಸಾಲು ಪೀಪಾಯಿಗಳು, ಹೆಜ್ಜೆಗೊಂದು ಫಲಕ ಬಂದೇ ಬರುತ್ತವೆ.

ಈ ಹಾದಿಯಲ್ಲಿ ನಿತ್ಯ ಓಡಾಡುವ ಸಾರಥಿಗಳನ್ನು ಮಾತಾಡಿಸಿದರೆ ಮೂರು ದೂರುಗಳು ಕೇಳಿಬರುತ್ತವೆ. ಹಾದಿಯು ಇಷ್ಟು ಅಗಲವಾಗಿದ್ದರೂ ವೇಗಕ್ಕೆ ಇಷ್ಟು ಕಡಿಮೆ ಮಿತಿ ಏಕೆ ಎಂಬದು ಮೊದಲನೆಯದು. ಒಬ್ಬ ಕೂಲಿಯೂ ಕಾಣದ ಸ್ಥಳದಲ್ಲಿ ‘ಕೆಲಸ ನಡೆದಿದೆ, ನಿಧಾನ’ ಎಂಬ ಫಲಕವೇಕೆ ಎಂಬದು ಎರಡನೆಯದು. ತಾವು ನಿಯಮದಂತೆ ನಡೆದರೂ ಹಿಂದಿನವರು, ಎದುರಿನವರು ನಡೆಯಗೊಡುವದಿಲ್ಲವಲ್ಲ ಎಂಬದು ಮೂರನೆಯದು. ಈ ಮೂರೂ ಹುರುಳಿಲ್ಲದ ದೂರುಗಳಲ್ಲ. ಆದುದರಿಂದ ಒಂದೊಂದನ್ನಾಗಿ ವಿಚಾರಿಸೋಣ.

ಫಲಕದ ಭಾಷೆ

ಅದಕ್ಕಿಂತ ಮೊದಲು ಫಲಕವೆಂದರೇನೆಂಬದನ್ನು ತಿಳಿಯಬೇಕು. ನಮ್ಮ ಸೀಮೆಯಲ್ಲಿ ಹಾದಿಯ ಅಕ್ಷರಗಳು ಮರಾಠಿಯಲ್ಲಿರುತ್ತವೆ. ಕಾಗಲವನ್ನು ಬಿಟ್ಟು ಕೊಗನೋಳಿಯ ಗಡಿ ದಾಟಿದರೆ ಕನ್ನಡದಲ್ಲಿರುತ್ತವೆ. ಆದರೆ ಫಲಕದ ಆಕಾರವು ಗಡಿಯ ಎರಡೂ ಕಡೆಗೆ ಒಂದೇ. ಕೆಂಪು ಅಂಚಿನ ವರ್ತುಲವು ಆಜ್ಞೆ; ಅದರೊಳಗೆ 40 ಎಂದು ಬರೆದಿದ್ದರೆ ಗಂಟೆಗೆ 40 ಕಿಲೋಮೀಟರನ್ನು ಮೀರಬಾರದೆಂದು ಅರ್ಥ. ಕೆಂಪು ಅಂಚಿನ ತ್ರಿಕೋನವು ಎಚ್ಚರಿಕೆ. ಮುಂದೆ ತಿರುವು ಇದೆ, ಶಾಲೆ ಇದೆ, ಸಲಿಕೆ ಹಿಡಿದವನ ಚಿತ್ರವಿದ್ದರೆ ಕೆಲಸ ನಡೆದಿದೆ. ಆಯತಾಕಾರದ ಫಲಕವು ಕೇವಲ ಮಾಹಿತಿ. ಆಸ್ಪತ್ರೆ ಎಲ್ಲಿ, ಊರು ಎಷ್ಟು ದೂರ ಎಂದು ಹೇಳುತ್ತದೆ. ‘ನಿಲ್ಲಿ’ ಎಂಬ ಫಲಕಕ್ಕೆ ಎಂಟು ಮೂಲೆಗಳು, ‘ದಾರಿ ಕೊಡಿ’ ಎಂಬ ಫಲಕಕ್ಕೆ ತಲೆಕೆಳಗಾದ ತ್ರಿಕೋನ. ಇವೆರಡಕ್ಕೆ ಬೇರೆ ಯಾವ ಫಲಕಕ್ಕೂ ಇಲ್ಲದ ಆಕಾರವನ್ನು ಕೊಟ್ಟದ್ದರಲ್ಲಿ ಜಾಣತನವಿದೆ. ಧೂಳು ಮುಚ್ಚಿ ಅಕ್ಷರ ಅಳಿದುಹೋದರೂ ಅಂಚನ್ನು ನೋಡಿಯೇ ಅರ್ಥವನ್ನು ತಿಳಿಯಬಹುದು.

1968ರಲ್ಲಿ ವಿಯೆನ್ನಾ ನಗರದಲ್ಲಿ ಅನೇಕ ದೇಶಗಳು ಕೂಡಿ ರಸ್ತೆಯ ಸಂಕೇತಗಳನ್ನು ಕುರಿತು ಒಂದು ಒಪ್ಪಂದವನ್ನು ಮಾಡಿಕೊಂಡವು. ಭಾರತವೂ ಅದರಲ್ಲಿ ಸೇರಿದೆ. ಒಂದು ಊರಿನ ಮಾತು ಇನ್ನೊಂದು ಊರಿಗೆ ತಿಳಿಯದ ಈ ಲೋಕದಲ್ಲಿ ಕನ್ನಡ ಶಾಲೆಯ ಬಾಲಕನೂ ಪರದೇಶದ ಸಾರಥಿಯೂ ಒಂದೇ ಬಗೆಯಾಗಿ ಓದಬಲ್ಲ ಲಿಪಿ ಇದು. ಬರೆದವನು ಇಲ್ಲಿ ನಿಂತಿರುವದಿಲ್ಲ. ಓದುವವನು ಅವನನ್ನು ಕಂಡಿರುವದಿಲ್ಲ. ಎಂದ ಮೇಲೆ ಫಲಕವು ಗುರುತಿಲ್ಲದವನು ಗುರುತಿಲ್ಲದವನಿಗೆ ಕೊಟ್ಟ ಮಾತು. ಕೊಟ್ಟವನು ಖರೆ ಹೇಳಬೇಕು, ಕೇಳಿದವನು ನಂಬಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಹಾದಿಯು ಕೆಡುತ್ತದೆ.

ವೇಗಕ್ಕೆ ಮಿತಿ ಏಕೆ?

ವೇಗದ ಮಿತಿಯು ಮೋಟಾರಿಗಿಂತಲೂ ಹಳೆಯದು. 1865ರಲ್ಲಿ ಇಂಗ್ಲಂಡಿನಲ್ಲಿ ಉಗಿಯ ಗಾಡಿಗಳಿಗಾಗಿ ಒಂದು ಕಾಯಿದೆಯಾಯಿತು. ಊರೊಳಗೆ ಗಂಟೆಗೆ ಎರಡು ಮೈಲು, ಹೊರಗೆ ನಾಲ್ಕು ಮೈಲು. ಅದೂ ಸಾಲದೆಂದು ಒಬ್ಬ ಮನುಷ್ಯನು ಕೆಂಪು ಬಾವುಟ ಹಿಡಿದು ಗಾಡಿಯ ಮುಂದೆ ನಡೆಯಬೇಕು! ಅಂದಿನ ಸಾರಥಿಗಳ ಸಿಟ್ಟು ಎಷ್ಟಿದ್ದಿತೆಂಬದನ್ನು ಊಹಿಸಿಕೊಳ್ಳಬಹುದು. 1896ರಲ್ಲಿ ಈ ನಿರ್ಬಂಧವನ್ನು ಸಡಿಲಿಸಿ ಗಂಟೆಗೆ 14 ಮೈಲಿನವರೆಗೆ ಅಪ್ಪಣೆ ಕೊಡಲಾಯಿತು. ಅದೇ ವರ್ಷದ ಆಗಸ್ಟದಲ್ಲಿ ಲಂಡನ್ನಿನಲ್ಲಿ ಬ್ರಿಜೆಟ್ ಡ್ರಿಸ್ಕಲ್ ಎಂಬ ಹೆಂಗಸು ಮೋಟಾರಿಗೆ ಸಿಕ್ಕು ಮಡಿದಳು. ಆ ದೇಶದಲ್ಲಿ ಮೋಟಾರಿನಿಂದ ಸತ್ತ ಮೊದಲನೆಯ ಪಾದಚಾರಿ ಅವಳೆಂದು ಹೇಳುತ್ತಾರೆ. ನಮ್ಮ ದೇಶದಲ್ಲಿ ಮೋಟಾರು ವಾಹನಗಳ ಕಾಯಿದೆಯು 1914ರಲ್ಲಿ ಬಂದು, 1939ರಲ್ಲಿ ಬದಲಾಗಿ, 1988ರಲ್ಲಿ ಹೊಸದಾಗಿ ರಚಿತವಾಯಿತು.

ಮಿತಿಯ ಅವಶ್ಯಕತೆಯು ಶಾಲೆಯ ಗಣಿತದಿಂದಲೇ ತಿಳಿಯುವಂತಹದು. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿಯು ಒಂದು ಸೆಕೆಂದಿಗೆ ಸುಮಾರು 17 ಮೀಟರು ಸಾಗುತ್ತದೆ. ಎದುರಿಗೆ ಮಗುವೊಂದು ಓಡಿಬಂದಿತೆನ್ನೋಣ. ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕನ್ನು ಮುಟ್ಟಲು ಎಚ್ಚರಿರುವ ಸಾರಥಿಗೂ ಒಂದು ಸೆಕೆಂದಾದರೂ ಬೇಕು. ಅಷ್ಟರಲ್ಲಿ 17 ಮೀಟರು ಹೋಯಿತು. ಬ್ರೇಕು ಹತ್ತಿದ ಮೇಲೆ ಒಣ ಸಡಕಿನಲ್ಲಿ, ಒಳ್ಳೆಯ ಟೈರಿನ ಮೇಲೆ ಇನ್ನೂ 20 ಮೀಟರು ಬೇಕು. ಒಟ್ಟು 37 ಮೀಟರು. ಇದೇ ಲೆಕ್ಕವನ್ನು 80 ಕಿಲೋಮೀಟರಿಗೆ ಮಾಡಿದರೆ 58 ಮೀಟರು, 100 ಕಿಲೋಮೀಟರಿಗೆ ಮಾಡಿದರೆ 84 ಮೀಟರು ಆಗುತ್ತದೆ. ಇಷ್ಟೇಕೆ ಬೆಳೆಯಿತೆಂದರೆ, ಓಡುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಹೆಚ್ಚುತ್ತದೆ. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿ.

ಈ ಲೆಕ್ಕದ ಇನ್ನೊಂದು ಮುಖವನ್ನು ಮೇಲಿನ ವರ್ಗದ ವಿದ್ಯಾರ್ಥಿಗಳು ತಾವೇ ಬಿಡಿಸಿ ನೋಡಬೇಕು. ಎರಡು ಮೋಟಾರುಗಳು ಅಕ್ಕಪಕ್ಕದಲ್ಲಿ ಬರುತ್ತಿವೆ. ಒಂದರ ವೇಗ 60, ಇನ್ನೊಂದರದು 100. ಇಬ್ಬರೂ ಒಂದೇ ಕ್ಷಣಕ್ಕೆ ಮಗುವನ್ನು ಕಂಡರು. ಮೊದಲನೆಯ ಗಾಡಿಯು ಪೂರ್ಣವಾಗಿ ನಿಂತ ಸ್ಥಳದಲ್ಲಿ ಎರಡನೆಯದರ ವೇಗ ಎಷ್ಟಿರುತ್ತದೆ? ಹಲವರು 40 ಎನ್ನುತ್ತಾರೆ. ನಿಜವಾಗಿ ಅದು ಇನ್ನೂ ಸುಮಾರು 90ರ ವೇಗದಲ್ಲಿರುತ್ತದೆ! ಜಗತ್ತಿನ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಗಾಡಿಯ ವೇಗವು 50ರಿಂದ 65ಕ್ಕೆ ಏರಿದರೆ ಅದಕ್ಕೆ ಸಿಕ್ಕ ಪಾದಚಾರಿಯ ಸಾವಿನ ಸಂಭವವು ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಸಾರಥಿಗೆ ಕೇವಲ ಹದಿನೈದೆಂದು ತೋರುವ ಅಂತರವು ಹಾದಿಯಲ್ಲಿದ್ದವನಿಗೆ ಬದುಕು ಮತ್ತು ಸಾವುಗಳ ಅಂತರವಾಗುತ್ತದೆ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಜನರು ರಸ್ತೆಯ ಅಪಘಾತಗಳಲ್ಲಿ ಮಡಿದರು. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿಯು ಹೇಳಿತು.

ಹಾಗಾದರೆ ಸಾರಥಿಯ ಮೊದಲನೆಯ ದೂರು ಸುಳ್ಳೇ? ಪೂರ್ಣವಾಗಿ ಅಲ್ಲ. ಹಾದಿಯೂ ಮಾತಾಡುತ್ತದೆ. ಅಗಲವಾದ, ನೆಟ್ಟಗಾದ ಸಡಕು ‘ಓಡು’ ಎನ್ನುತ್ತದೆ. ಅದರ ಬದಿಯ ಫಲಕವು ‘ನಿಧಾನ’ ಎನ್ನುತ್ತದೆ. ಎರಡು ಬಾಯಿಗಳು ಎರಡು ಮಾತಾಡಿದರೆ ಕೇಳುವವನು ತನಗೆ ರುಚಿಸಿದ್ದನ್ನು ಕೇಳುತ್ತಾನೆ. ಇದನ್ನು ಬಲ್ಲ ಎಂಜಿನಿಯರರು ಒಂದು ಹಾದಿಯಲ್ಲಿ ನೂರಕ್ಕೆ 85 ಸಾರಥಿಗಳು ಯಾವ ವೇಗವನ್ನು ಮೀರದೆ ಹೋಗುತ್ತಾರೆಂಬದನ್ನು ಅಳೆದು, ಅದನ್ನೂ ಲೆಕ್ಕಕ್ಕೆ ಹಿಡಿದು ಮಿತಿಯನ್ನು ನಿಶ್ಚಯಿಸುವ ಪದ್ಧತಿಯುಂಟು. ಊರು ಬಂದಲ್ಲಿ ವೇಗ ಇಳಿಯಬೇಕಾದರೆ ಫಲಕವೊಂದೇ ಸಾಲದು. ಹಾದಿಯನ್ನು ಇಕ್ಕಟ್ಟುಗೊಳಿಸಬೇಕು, ದಾಟುವವರಿಗೆ ಕೆಳಸೇತುವೆಯನ್ನೋ ಮೇಲ್ಸೇತುವೆಯನ್ನೋ ಹತ್ತಿರದಲ್ಲಿ ಕಟ್ಟಿಕೊಡಬೇಕು.

ಅಂಕೆಗಳ ವಿಷಯದಲ್ಲಿ ಬಲ್ಲವರಲ್ಲಿಯೂ ಭಿನ್ನಾಭಿಪ್ರಾಯವಿದೆ. 2018ರ ಎಪ್ರಿಲದಲ್ಲಿ ಕೇಂದ್ರ ಸರಕಾರವು ಮಿತಿಗಳನ್ನು ಏರಿಸಿ, ನಡುವೆ ವಿಭಾಜಕವಿರುವ ನಾಲ್ಕು ಸಾಲಿನ ಹಾದಿಯಲ್ಲಿ ಕಾರಿಗೆ 100, ಬಸ್ಸಿಗೆ 90, ಸರಕು ಗಾಡಿಗೂ ಮೋಟಾರ ಸೈಕಲ್ಲಿಗೂ 80 ಎಂದು ಅಧಿಸೂಚನೆ ಹೊರಡಿಸಿತು. 2021ರಲ್ಲಿ ಮದ್ರಾಸ ಉಚ್ಚ ನ್ಯಾಯಾಲಯವು ಸಾವುನೋವುಗಳನ್ನು ಎತ್ತಿ ತೋರಿಸಿ ಆ ಏರಿಕೆಯನ್ನು ರದ್ದುಪಡಿಸಿತು. ವಾದ ಏನೇ ಇರಲಿ, ಸಾರಥಿಯು ನೆನಪಿಡಬೇಕಾದುದು ಒಂದು: ಹೇಳಿದ ಅಂಕೆಯು ಮುಟ್ಟಲೇಬೇಕಾದ ಗುರಿಯಲ್ಲ, ಮೀರಬಾರದ ಎಲ್ಲೆ. ಮಳೆಯಲ್ಲಿ, ಮಂಜಿನಲ್ಲಿ, ಕಬ್ಬಿನ ಟ್ರೇಲರುಗಳು ದೀಪವಿಲ್ಲದೆ ತೆವಳುವ ಕತ್ತಲೆಯಲ್ಲಿ ಎಲ್ಲೆಯೊಳಗಿನ ವೇಗವೂ ಅತಿವೇಗವೇ ಆದೀತು.

ಇಷ್ಟಕ್ಕೂ ಉಳಿಯುವ ಸಮಯವೆಷ್ಟು? 40 ಕಿಲೋಮೀಟರಿನ ಹಾದಿಯನ್ನು 80ರ ವೇಗದಲ್ಲಿ ಹೋದರೆ 30 ನಿಮಿಷ. 100ರಲ್ಲಿ ಹೋದರೆ 24 ನಿಮಿಷ. ಉಳಿದದ್ದು ಆರು ನಿಮಿಷ. ಮನೆಗೆ ಬಂದು ಚಹ ಆರುವದನ್ನು ಕಾಯುವಷ್ಟು ಹೊತ್ತು!

‘ಕೆಲಸ ನಡೆದಿದೆ’

ಈಗ ಎರಡನೆಯ ದೂರು. ಕೆಲಸದ ಸ್ಥಳವೆಂದರೆ ಕೂಲಿಗಳು ನಿಂತ ಜಾಗವಷ್ಟೇ ಅಲ್ಲ. ಅದರಲ್ಲಿ ನಾಲ್ಕು ಭಾಗಗಳಿರುತ್ತವೆ. ಮುನ್ಸೂಚನೆಯ ಭಾಗದಲ್ಲಿ ಫಲಕಗಳು ಬಹು ದೂರದಿಂದಲೇ ಆರಂಭವಾಗುತ್ತವೆ. ವೇಗವಾಗಿ ಬರುವವನು ಓದಿ, ತಿಳಿದು, ನಿಧಾನಿಸಲು ಅಷ್ಟು ಅಂತರ ಬೇಕು. ಎರಡನೆಯ ಭಾಗದಲ್ಲಿ ಪೀಪಾಯಿಗಳನ್ನು ಓರೆಯಾಗಿ ಇಟ್ಟು ಎರಡು ಸಾಲಿನ ಗಾಡಿಗಳನ್ನು ಒಂದು ಸಾಲಿಗೆ ಮೆಲ್ಲಗೆ ತಿರುಗಿಸುತ್ತಾರೆ. ಮೂರನೆಯದು ಕೆಲಸದ ನೆಲ. ನಾಲ್ಕನೆಯದರಲ್ಲಿ ಹಾದಿಯು ತನ್ನ ಮೊದಲಿನ ಅಗಲಕ್ಕೆ ಮರಳುತ್ತದೆ. ಕೂಲಿಗಳು ಊಟಕ್ಕೆ ಹೋದರೂ, ರವಿವಾರ ರಜೆಯಿದ್ದರೂ ಮೂರನೆಯ ಭಾಗದ ಅಪಾಯವು ಹೋಗುವದಿಲ್ಲ. ಹೊಸ ಡಾಂಬರಿಗೂ ಹಳೆಯದಕ್ಕೂ ನಡುವೆ ಗೇಣುದ್ದದ ಇಳಿತ, ಚಕ್ರ ಜಾರಿಸುವ ಸಡಿಲ ಜಲ್ಲಿ, ಬದಿಯ ತಡೆಗೋಡೆ ಇಲ್ಲದ ಸೇತುವೆ, ಇನ್ನೂ ಗಟ್ಟಿಯಾಗದ ಕಾಂಕ್ರೀಟು—ಇವು ದೂರದಿಂದ ಕಾಣುವದಿಲ್ಲ. ‘ಯಾರೂ ಕೆಲಸ ಮಾಡುತ್ತಿಲ್ಲ’ ಎಂದು ಕಾಲನ್ನು ಒತ್ತುವವನು ಕಣ್ಣಿಗೆ ಕಾಣದ್ದನ್ನು ಇಲ್ಲವೆಂದು ಬಗೆದವನು.

ಕಾಣುವ ಅಪಾಯಕ್ಕೆ ಎಲ್ಲರೂ ತಲೆಬಾಗುತ್ತಾರೆ. 2019ರ ಆಗಸ್ಟದಲ್ಲಿಯೂ 2021ರ ಜುಲೈದಲ್ಲಿಯೂ ಪಂಚಗಂಗೆಯು ಉಕ್ಕಿ ಶಿರೋಳಿಯ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂದು, ಕೆಲವು ದಿನ ಸಂಚಾರವೆಲ್ಲ ನಿಂತುಹೋಯಿತು. ಟ್ರಕ್ಕುಗಳು ಮೈಲುಗಟ್ಟಲೆ ಸಾಲುಗಟ್ಟಿ ನಿಂತವು. ಹಾದಿಯ ಅಕ್ಕಪಕ್ಕದ ಊರಿನವರು ಅವರಿಗೆ ಅನ್ನ, ನೀರು ಕೊಟ್ಟರು. ಮುಂದೆ ಹೋಗಬಾರದೆಂಬ ಆಜ್ಞೆಯನ್ನು ಯಾರೂ ಪ್ರಶ್ನಿಸಲಿಲ್ಲ, ಯಾಕೆಂದರೆ ನೀರು ಕಣ್ಣ ಮುಂದೆ ಇದ್ದಿತು. ಆದರೆ ಫಲಕದ ನಿಜವಾದ ಉಪಯೋಗವು ನೀರು ಕಾಣುವಲ್ಲಿ ಅಲ್ಲ, ಅಪಾಯವು ಕಾಣದಲ್ಲಿ. ಕಂಡದ್ದಕ್ಕೆ ಕಣ್ಣು ಸಾಕು, ಕಾಣದ್ದಕ್ಕೆ ಫಲಕ ಬೇಕು.

ಇಲ್ಲಿಯೂ ದೂರಿನಲ್ಲಿ ಒಂದು ಪಾಲು ಸತ್ಯವಿದೆ ಎಂಬದನ್ನು ಮರೆಮಾಚಬಾರದು. ಕೆಲಸ ಮುಗಿದು ತಿಂಗಳುಗಳಾದರೂ ಎತ್ತದೆ ಬಿಟ್ಟ ಫಲಕಗಳನ್ನು ನಾವು ಕಂಡಿದ್ದೇವೆ. ಅಗೆದ ಗುಂಡಿಯ ಬಳಿ ಫಲಕವೇ ಇಲ್ಲದ್ದನ್ನೂ ಕಂಡಿದ್ದೇವೆ. ‘ತೋಳ ಬಂತು’ ಎಂದು ಸುಳ್ಳೇ ಕೂಗಿದ ಕುರಿಗಾಹಿ ಹುಡುಗನ ಕಥೆ ನಿಮಗೆಲ್ಲ ತಿಳಿದಿದೆ. ಸುಳ್ಳಾಡಬಾರದೆಂದು ಆ ಕಥೆಯ ನೀತಿಯನ್ನು ಹೇಳುತ್ತೇವೆ. ಆದರೆ ಕೊನೆಗೆ ಹಾನಿಯಾದುದು ಯಾರಿಗೆ? ಕುರಿಗಳಿಗೆ. ಸುಳ್ಳು ಫಲಕವನ್ನು ನಿಲ್ಲಿಸಿದವನಿಗೂ, ಖರೆ ಫಲಕವನ್ನು ನಂಬದೆ ಹೋದವನಿಗೂ ಅನೇಕ ಸಲ ಏನೂ ಆಗುವದಿಲ್ಲ. ಹಾದಿ ದಾಟುತ್ತಿದ್ದವನಿಗೆ ಆಗುತ್ತದೆ. ಇದನ್ನರಿತೇ 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಅಧಿನಿಯಮಕ್ಕೆ 198-ಅ ಎಂಬ ಹೊಸ ಕಲಮನ್ನು ಸೇರಿಸಲಾಯಿತು. ರಸ್ತೆಯನ್ನು ರಚಿಸುವ, ಕಟ್ಟುವ, ಕಾಯುವ ಹೊಣೆ ಹೊತ್ತವರು ಗೊತ್ತುಪಡಿಸಿದ ಸುರಕ್ಷತೆಯ ಮಾನಗಳನ್ನು ಪಾಲಿಸದೆ ಹೋಗಿ ಅದರಿಂದ ಸಾವು ಅಥವಾ ಅಂಗವೈಕಲ್ಯವುಂಟಾದರೆ ಅವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾಯಿದೆಯು ಸಾರಥಿಯನ್ನಷ್ಟೇ ಅಲ್ಲ, ಫಲಕದವನನ್ನೂ ಕಟ್ಟುತ್ತದೆ.

ಒಂದು ಅನುಭವ

ಕೆಲವು ವರ್ಷಗಳ ಕೆಳಗೆ ನಮ್ಮ ಮಕ್ಕಳನ್ನು ಕರೆದುಕೊಂಡು ಪ್ರವಾಸಕ್ಕೆ ಹೋಗಿ ಸಂಜೆ ಮರಳುತ್ತಿದ್ದೆವು. ಬಸ್ಸಿನ ಸಾರಥಿ ವಯಸ್ಸಾದವರು. ದಾರಿಯಲ್ಲಿ 30 ಎಂಬ ಫಲಕ ಬಂದಿತು, ಅವರು ನಿಧಾನಿಸಿದರು, ಕೆಲಸದ ಸುಳಿವೇ ಇಲ್ಲ. ಇನ್ನೊಂದು ಬಂದಿತು; ಮತ್ತೆ ನಿಧಾನಿಸಿದರು; ಮತ್ತೆ ಏನೂ ಇಲ್ಲ. ಹಿಂದಿನ ಗಾಡಿಗಳು ಹಾರ್ನು ಬಾರಿಸುತ್ತ ಮಗ್ಗುಲಿನಿಂದ ನುಗ್ಗಿದವು. ಮೂರನೆಯ ಸಲ ಒಬ್ಬ ಹುಡುಗನು, ‘‘ಕಾಕಾ, ಈ ಬೋರ್ಡು ಎಲ್ಲಾ ಸುಳ್ಳ ಅದಾವ, ಹೊಡೀರಿ’’ ಎಂದನು. ಅವರು ಹಿಂತಿರುಗಿ ನೋಡದೆಯೇ, ‘‘ತಮ್ಮಾ, ಹತ್ತು ಸುಳ್ಳ ಇರಬಹುದು, ಹನ್ನೊಂದನೇದು ಖರೇ ಇದ್ರ ಏನ್ ಮಾಡೂದು? ಆ ಒಂದಕ್ಕಂತ ನಾ ಹತ್ತೂ ಸಲ ನಿಧಾನ ಮಾಡತೀನಿ. ಹಿಂದ ನಿಮ್ಮನ್ನ ಕುಂಡರಿಸಿಕೊಂಡೀನಲ್ಲ’’ ಎಂದರು. ನಾವು ಅದನ್ನು ಕೇಳಿ ಮೆಚ್ಚಿಕೊಂಡೆವು.

ಅದೇ ಸಂಜೆ ಸ್ವಲ್ಪ ಮುಂದೆ ಒಂದು ಬಳಸುದಾರಿಯ ಬಾಯಲ್ಲಿ ಎಚ್ಚರಿಕೆಯ ಫಲಕವೊಂದು ಮಗುಚಿ ಬಿದ್ದಿದ್ದಿತು. ಯಾವದೋ ಗಾಡಿ ಅದನ್ನು ಕೆಡವಿ ಹೋಗಿರಬೇಕು. ಬಸ್ಸಿನಲ್ಲಿದ್ದ ನಾವೆಲ್ಲರೂ ಅದನ್ನು ನೋಡಿದೆವು. ‘ಯಾರಾದರೂ ಎತ್ತಿಯಾರು’ ಎಂದುಕೊಂಡೆವು. ಹೊತ್ತಾಗಿತ್ತು, ಮಕ್ಕಳ ಮನೆಯವರು ಕಾಯುತ್ತಿದ್ದರು, ಮುಂದೆ ನಡೆದೆವು. ಅಂದು ರಾತ್ರಿ ಕಾರಖಾನೆಯ ಪಾಳಿ ಮುಗಿಸಿ ಮೋಟಾರ ಸೈಕಲ್ಲಿನ ಮೇಲೆ ಬರುತ್ತಿದ್ದ ತರುಣನೊಬ್ಬನು ಅಲ್ಲಿಯ ಅಗೆತದಲ್ಲಿ ಬಿದ್ದನು. ಅವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಅವನನ್ನು ನೋಡಲು ಹೋದಾಗ, ‘‘ಅಲ್ಲಿ ಒಂದ ಬೋರ್ಡ ಇದ್ದಿದ್ರ ನಾ ಬೀಳತಿರಲಿಲ್ಲ ನೋಡ್ರಿ, ಗುರುಗಳ’’ ಎಂದನು. ಬೋರ್ಡು ಇತ್ತು, ಬಿದ್ದಿತ್ತು, ನಾವು ಕಂಡಿದ್ದೆವು ಎಂಬದನ್ನು ಅವನಿಗೆ ಹೇಳಲು ನಮಗೆ ಅಂದು ಬಾಯಿ ಬರಲಿಲ್ಲ. ಇಂದು ಈ ಪುಟದಲ್ಲಿ ಹೇಳುತ್ತಿದ್ದೇವೆ.

ಫಲಕವನ್ನು ಕೆಡವಿದವನ ಮೇಲೆ ನಮಗೆ ಬಹಳ ದಿನ ಸಿಟ್ಟಿದ್ದಿತು. ಆಮೇಲೆ ವಿಚಾರಿಸಿ ನೋಡಿದರೆ, ಅವನು ನಿಲ್ಲಲಿಲ್ಲ, ನಾವೂ ನಿಲ್ಲಲಿಲ್ಲ. ಭೇದವು ಬಹು ದೊಡ್ಡದಲ್ಲ.

ಹಿಂದಿನಿಂದ ಹಾರ್ನು ಬಾರಿಸುವವರು

ಮೂರನೆಯ ದೂರು ಜೊತೆಯ ಸಾರಥಿಗಳದು. ಬಾಲಕ್ಕೆ ಬಾಲ ಹಚ್ಚಿ ಬರುವವರು, ಹಗಲಿನಲ್ಲಿಯೂ ದೊಡ್ಡ ದೀಪವನ್ನು ಮಿಣುಕಿಸುವವರು, ಎಡದಿಂದ ನುಗ್ಗುವವರು, ವಿಭಾಜಕದ ಕಂಡಿ ದೂರವಾಯಿತೆಂದು ಎದುರು ದಿಕ್ಕಿನಲ್ಲಿಯೇ ಮೋಟಾರ ಸೈಕಲ್ಲು ಹೊಡೆಯುವವರು. ಇವರ ಕಾಟ ಸುಳ್ಳಲ್ಲ. ಓಣಿಯಲ್ಲಿ ನಡೆಯುವಾಗ ಭುಜಕ್ಕೆ ಭುಜ ತಗುಲಿದರೆ ಮುಖ ನೋಡಿ ನಗುತ್ತೇವೆ. ಗಾಡಿಯಲ್ಲಿ ಮುಖ ಕಾಣುವದಿಲ್ಲ. ಎದುರಿಗಿದ್ದದ್ದು ತಗಡು ಮಾತ್ರ. ತಗಡಿನ ಮೇಲೆ ಸಿಟ್ಟು ಮಾಡಲು ಯಾರಿಗೂ ಸಂಕೋಚವಿಲ್ಲ.

ಆ ತಗಡಿನೊಳಗೆ ಕುಳಿತವನನ್ನೂ ಸ್ವಲ್ಪ ನೆನೆಯೋಣ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆಯು ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗಳ ಕೆಲಸವನ್ನು ವಿಧಿಸಿತು. ಖೇಪು ಬೇಗ ಮುಗಿದರೆ ಮಾತ್ರ ಕೈಗೆ ಕಾಸು ಎಂಬ ಬದುಕಿನಲ್ಲಿ ಆ ಎಂಟು ಗಂಟೆಗಳು ಎಷ್ಟು ಜನರಿಗೆ ಸಿಕ್ಕಾವು? ನಿದ್ದೆಗೆಟ್ಟ ಕಣ್ಣಿಗೆ ಪ್ರತಿಯೊಂದು ಫಲಕವೂ ವೈರಿಯಾಗಿ ಕಾಣುತ್ತದೆ. ಇದರಿಂದ ಅವನ ತಪ್ಪು ಒಪ್ಪಾಗುವದಿಲ್ಲ. ಆದರೆ ಅವನೊಡನೆ ಜಗಳಕ್ಕೆ ನಿಲ್ಲುವದರಿಂದ ಹಾದಿಯು ಸುರಕ್ಷಿತವಾಗುವದೂ ಇಲ್ಲ. ಹಿಂದೆ ಬಂದವನಿಗೆ ಅವಸರವಿದ್ದರೆ ಎಡಕ್ಕೆ ಸರಿದು ಮುಂದೆ ಬಿಡಬೇಕು. ಮುಂದಿನ ಗಾಡಿಯು ಒಂದು ಗಿಡವನ್ನು ದಾಟಿದೊಡನೆ ‘ನೂರಾ ಒಂದು, ನೂರಾ ಎರಡು, ನೂರಾ ಮೂರು’ ಎಂದು ಎಣಿಸಬೇಕು. ಎಣಿಕೆ ಮುಗಿಯುವ ಮೊದಲೇ ನಾವು ಆ ಗಿಡವನ್ನು ಮುಟ್ಟಿದರೆ ಅಂತರ ಸಾಲದೆಂದು ತಿಳಿಯಬೇಕು. ಎರಡು ಸಾಲು ಒಂದಾಗುವಲ್ಲಿ ಜಡೆ ಹೆಣೆದಂತೆ ಈ ಕಡೆಯದೊಂದು, ಆ ಕಡೆಯದೊಂದು ಗಾಡಿ ಸರತಿಯ ಮೇಲೆ ಹೋಗಬೇಕು. ಎಳೆಗಳು ತಮ್ಮೊಳಗೆ ಜಗ್ಗಾಡಿದರೆ ಜಡೆಯಾಗುವದಿಲ್ಲ, ಸಿಕ್ಕಾಗುತ್ತದೆ.

ನಾವು ಮಾಡಬೇಕಾದುದು

ವಿದ್ಯಾರ್ಥಿಗಳಿಗೆ ಎರಡು ಮಾತು. ಹೆದ್ದಾರಿಯನ್ನು ದಾಟುವಾಗ ಕೆಳಸೇತುವೆಯು ದೂರವಾದರೂ ಅಲ್ಲಿಂದಲೇ ದಾಟಬೇಕು. ಬರುವ ಗಾಡಿಯು ನಿಂತೀತೆಂದು ನಂಬಬಾರದು, 84 ಮೀಟರಿನ ಲೆಕ್ಕವನ್ನು ನೆನೆಯಬೇಕು. ಎರಡನೆಯದಾಗಿ, ಫಲಕಗಳ ಆಕಾರಗಳನ್ನು ಕಲಿತು ಮನೆಯಲ್ಲಿ ದೊಡ್ಡವರಿಗೆ ಕೇಳಬೇಕು. ಎಷ್ಟು ಜನರು ತಪ್ಪು ಹೇಳುತ್ತಾರೆಂಬದನ್ನು ಕಂಡರೆ ಆಶ್ಚರ್ಯವಾದೀತು.

ಪಾಲಕರಿಗೆ ನಮ್ಮ ಬಿನ್ನಹ. ಹದಿನೆಂಟು ತುಂಬದ ಮಗನ ಕೈಗೆ ಮೋಟಾರ ಸೈಕಲ್ಲನ್ನು ಕೊಡುವದು ಪ್ರೀತಿಯಲ್ಲ. 2019ರ ತಿದ್ದುಪಡಿಯಂತೆ ಅಲ್ಪವಯಸ್ಕನು ಗಾಡಿ ಹೊಡೆದು ಅಪರಾಧವಾದರೆ ಪಾಲಕನಿಗೆ ಅಥವಾ ಗಾಡಿಯ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯು ಒಂದು ವರ್ಷ ರದ್ದು. ಹುಡುಗನಿಗೆ 25 ವಯಸ್ಸಾಗುವವರೆಗೆ ಲೈಸನ್ಸಿಲ್ಲ. ದಂಡಕ್ಕಿಂತ ದೊಡ್ಡದು ಮೇಲ್ಪಂಕ್ತಿ. ತಂದೆಯು ಫಲಕವನ್ನು ಕಂಡು ಬೈದುದನ್ನು ಕೇಳಿದ ಮಗು ಫಲಕವನ್ನು ಬೈಯಲು ಕಲಿಯುತ್ತದೆ. ನಿಧಾನಿಸಿದುದನ್ನು ಕಂಡ ಮಗು ನಿಧಾನಿಸಲು ಕಲಿಯುತ್ತದೆ.

ಕೊನೆಯದಾಗಿ ಎಲ್ಲರಿಗೂ. ಬಿದ್ದ ಫಲಕ, ಕಾವಲಿಲ್ಲದ ಗುಂಡಿ, ಕೆಲಸ ಮುಗಿದರೂ ಉಳಿದ ಸುಳ್ಳು ಫಲಕ—ಇವು ಕಣ್ಣಿಗೆ ಬಿದ್ದರೆ ಸಿಟ್ಟು ಮಾಡಿ ಮುಂದೆ ಹೋಗಬಾರದು. ರಾಷ್ಟ್ರೀಯ ಹೆದ್ದಾರಿಯಾದರೆ 1033 ಎಂಬ ದೂರವಾಣಿಗೆ ತಿಳಿಸಬಹುದು. ಅಪಘಾತವಾಗಿದ್ದರೆ 112 ಇದೆ. ಗಾಯಗೊಂಡವನಿಗೆ ಸದ್ಭಾವದಿಂದ ನೆರವಾದವನನ್ನು ಕಾಯಿದೆಯ 134-ಅ ಕಲಮು ಕಾಯುತ್ತದೆ. ಪೋಲೀಸರ ಕಾಟದ ಭಯದಿಂದ ಹಿಂಜರಿಯಬೇಕಾಗಿಲ್ಲ. ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸುವ ಅನುಕೂಲವಿದ್ದಲ್ಲಿ ಬಿದ್ದದ್ದನ್ನು ಎತ್ತಿ ನಿಲ್ಲಿಸಬಹುದು. ಅದಕ್ಕೆ ಬೇಕಾದುದು ಎರಡು ನಿಮಿಷ. ಎರಡು ಕಿಲೋಮೀಟರಿನ ಕೆಲಸದ ಹಾದಿಯನ್ನು 60ರ ಬದಲು 30ರ ವೇಗದಲ್ಲಿ ದಾಟಿದರೆ ಹೆಚ್ಚಾಗಿ ಹಿಡಿಯುವದೂ ಅದೇ ಎರಡು ನಿಮಿಷ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಹಿರಿಯರು ತಮ್ಮ ಬಾಳಿನ ಸಲುವಾಗಿ ಹೇಳಿದರು. ಹಾದಿಯಲ್ಲಿ ಅದರ ಅರ್ಥವು ಇನ್ನೂ ವಿಸ್ತಾರವಾಗುತ್ತದೆ. ಅಲ್ಲಿ ಒಬ್ಬನು ತಾಳಿದರೆ ಇನ್ನೊಬ್ಬನು ಬಾಳುತ್ತಾನೆ. ನಮ್ಮ ಆ ಹಳೆಯ ವಿದ್ಯಾರ್ಥಿಯು ಈಗಲೂ ಅದೇ ಕಾರಖಾನೆಗೆ ಹೋಗುತ್ತಾನೆ. ಈಗ ಬಸ್ಸಿನಲ್ಲಿ ಹೋಗುತ್ತಾನೆ. ನಮ್ಮ ಮಕ್ಕಳಲ್ಲಿ ಯಾರೇ ಆಗಲಿ ಬೆಳಿಗ್ಗೆ ಹೊರಟ ಕಾಲುಗಳ ಮೇಲೆಯೇ ಸಂಜೆ ಮನೆಯ ಹೊಸ್ತಿಲನ್ನು ದಾಟುವಂತಾಗಲಿ ಎಂದು ಹಾರೈಸಿ, ಈ ಬರಹವನ್ನು ಮುಗಿಸುತ್ತೇವೆ.